ಪ್ರಶ್ನೋತ್ತರ: ಮೆಮೊರಿ ಯಾರದು, ಮಾತಾಡುವ ಸರದಿ ಯಾರದು?

ಈ ಸಲ ಪ್ರೋಗ್ರಾಮಿಂಗ್ ಬಗ್ಗೆ ಬಂದ ಪತ್ರಗಳಲ್ಲಿ ಜಾಸ್ತಿ ಹಾಸನ, ಚಿಕ್ಕಮಗಳೂರು ಕಡೆಯವೇ. ಕೇಳಿದ ರೀತಿ ಬೇರೆ ಬೇರೆ, ಆದರೆ ಎಲ್ಲವೂ ಸುತ್ತುತ್ತಿರುವುದು ಟೈಪ್ (ಒಂದು ಮೌಲ್ಯ ಯಾವ ಥರದ್ದು, ಅದನ್ನು ಹೇಗೆ ಬಳಸಬಹುದು ಅಂತ ಹೇಳುವ ಗುರುತು) ಅನ್ನುವ ಒಂದೇ ವಿಷಯದ ಸುತ್ತ. ಅದಕ್ಕೇ ಒಟ್ಟಿಗೆ ಹಾಕಿದ್ದೇನೆ. ಕೆಲವು ಪತ್ರ ತುಂಬಾ ಉದ್ದ ಇದ್ದವು, ಮೊಟಕು ಮಾಡಿದ್ದೇನೆ, ಬೇಜಾರು ಮಾಡಿಕೊಳ್ಳಬೇಡಿ.

ಪ್ರಶ್ನೆ: ಸರ್, ನಾನು ಹಾಸನದಲ್ಲಿ ಎರಡನೇ ವರ್ಷದ ಇಂಜಿನಿಯರಿಂಗ್ ಓದುತ್ತಿದ್ದೇನೆ. ನಾನು ಬರೆದ ಸಿ ಪ್ರೋಗ್ರಾಂ ನನ್ನ ಲ್ಯಾಪ್‌ಟಾಪಿನಲ್ಲಿ ಚೆನ್ನಾಗಿ ಓಡುತ್ತದೆ. ಲ್ಯಾಬಿನಲ್ಲಿ ಓಡಿಸಿದರೆ ಸೆಗ್ಮೆಂಟೇಶನ್ ಫಾಲ್ಟ್ (ಮುಟ್ಟಬಾರದ ಮೆಮೊರಿ ಮುಟ್ಟಿದ ದೋಷ) ಅಂತ ನಿಂತುಹೋಗುತ್ತದೆ. ಕಂಪೈಲರ್ (ಕೋಡನ್ನು ಯಂತ್ರದ ಭಾಷೆಗೆ ತಿರುಗಿಸುವ ಪ್ರೋಗ್ರಾಂ) ಒಂದು ವಾರ್ನಿಂಗ್ ಕೂಡ ಕೊಡುವುದಿಲ್ಲ. ರೂಂಮೇಟ್ "ಸಿ ಬಿಡು, ರಸ್ಟ್ ಕಲಿ" ಅನ್ನುತ್ತಾನೆ. ಟೈಪ್ ಅನ್ನುವುದು ಸಿ ಭಾಷೆಯಲ್ಲೂ ಇದೆಯಲ್ಲ, ರಸ್ಟಿನಲ್ಲಿ ಹೊಸದೇನಿದೆ?

ಉತ್ತರ: ಇದೆ. ಆದರೆ ಸಿ ಟೈಪ್ ಹೇಳುವುದು ಅರ್ಧ ಮಾತ್ರ.

ನಿಮ್ಮ ಪ್ರೋಗ್ರಾಮಿನಲ್ಲಿ ಇಂಟ್ ಪಾಯಿಂಟರ್, ಅಂದರೆ ಪೂರ್ಣಾಂಕ ಇರುವ ಮೆಮೊರಿ ಜಾಗದ ವಿಳಾಸ, ಒಂದಿದೆ ಅಂದುಕೊಳ್ಳಿ. "ಆ ವಿಳಾಸಕ್ಕೆ ಹೋದರೆ ಒಂದು ಪೂರ್ಣಾಂಕ ಸಿಗುತ್ತದೆ" ಅಂತ ಅದರ ಟೈಪ್ ಹೇಳುತ್ತದೆ. ಅಲ್ಲಿ ಇರುವುದು ಒಂದೇ ಪೂರ್ಣಾಂಕವೋ ಸಾಲಾಗಿ ನೂರೋ, ಹೇಳುವುದಿಲ್ಲ. ಆ ಜಾಗ ಇನ್ನೂ ನಿಮ್ಮದೇ, ಇಲ್ಲ ಆಗಲೇ ಫ್ರೀ ಮಾಡಿಯಾಗಿದೆಯೇ (ಸಿಸ್ಟಮ್ಮಿಗೆ ವಾಪಸ್ ಕೊಟ್ಟಾಗಿದೆಯೇ), ಅದನ್ನೂ ಹೇಳುವುದಿಲ್ಲ. ಎಲ್ಲಕ್ಕಿಂತ ಮುಖ್ಯವಾಗಿ, ಕೊನೆಗೆ ಅದನ್ನು ಫ್ರೀ ಮಾಡಬೇಕಾದವರು ಯಾರು ಅನ್ನುವುದರ ಸುಳಿವೇ ಅದರಲ್ಲಿಲ್ಲ. ಫಂಕ್ಷನ್ ಬರೆದವರ ತಲೆಯಲ್ಲಿ ಉತ್ತರ ಇರುತ್ತದೆ, ಪುಣ್ಯವಿದ್ದರೆ ಕಾಮೆಂಟಿನಲ್ಲಿ ಇರುತ್ತದೆ. ಕಂಪೈಲರ್ ಕಾಮೆಂಟ್ ಓದುವುದಿಲ್ಲ. ಹಾಗಾಗಿ ಫ್ರೀ ಮಾಡಿದ ಜಾಗವನ್ನು ನೀವು ಮತ್ತೆ ಮುಟ್ಟಿದರೂ ಅದು ಸುಮ್ಮನಿರುತ್ತದೆ. ನಿಮ್ಮ ಲ್ಯಾಪ್‌ಟಾಪಿನಲ್ಲಿ ಆ ಜಾಗದಲ್ಲಿ ಹಳೇ ಬೆಲೆ ಹಾಗೇ ಉಳಿದಿರಬಹುದು, ಲ್ಯಾಬಿನಲ್ಲಿ ಬೇರೇನೋ ಬಂದು ಕೂತಿರಬಹುದು. ನಿಮ್ಮದು ಇದೇ ಕಾಯಿಲೆ ಅಂತ ಕೋಡ್ ನೋಡದೆ ಹೇಳಲಾರೆ, ಆದರೆ ಲಕ್ಷಣ ಅದೇ. ಜಿಸಿಸಿ ಕಂಪೈಲರಿಗೆ ಅಡ್ರೆಸ್ ಸ್ಯಾನಿಟೈಸರ್ ಅಂತ ಮೆಮೊರಿ ತಪ್ಪು ಹುಡುಕುವ ಆಯ್ಕೆ ಹಾಕಿ ಒಮ್ಮೆ ಓಡಿಸಿ ನೋಡಿ, ತಪ್ಪು ಯಾವ ಸಾಲಿನಲ್ಲಿದೆ ಅಂತ ಬಹಳಷ್ಟು ಸಲ ಅದೇ ತೋರಿಸುತ್ತದೆ.

ರಸ್ಟ್ ಮಾಡಿದ್ದು ಇಷ್ಟು: ಆ ತಲೆಯೊಳಗಿನ ಒಪ್ಪಂದವನ್ನು ಟೈಪಿನೊಳಗೆ ತಂದಿತು. ಪ್ರತಿ ಮೌಲ್ಯಕ್ಕೂ ಒಬ್ಬನೇ ಒಡೆಯ. ಇನ್ನೊಂದು ಫಂಕ್ಷನ್‌ಗೆ ಕೊಟ್ಟರೆ ಒಡೆತನವೂ ಹೋಯಿತು, ಆಮೇಲೆ ಹಳೇ ಹೆಸರನ್ನು ಮುಟ್ಟಿದರೆ ಕಂಪೈಲೇ ಆಗುವುದಿಲ್ಲ. ಒಡೆಯನ ಆಟ ಮುಗಿದ ಕಡೆ ಮೆಮೊರಿ ತಾನಾಗಿ ಬಿಡುಗಡೆ. ಫ್ರೀ ಮಾಡಲು ಮರೆಯುವುದು, ಎರಡು ಸಲ ಫ್ರೀ ಮಾಡುವುದು, ಈ ರಗಳೆಗೆ ಹೆಚ್ಚುಕಮ್ಮಿ ಜಾಗವೇ ಉಳಿಯುವುದಿಲ್ಲ. ಒಡೆತನ ಕೊಡದೆ ಸುಮ್ನೆ ನೋಡಲು ಕೊಡುವುದಾದರೆ ಅದು ಎರವಲು. ಎರವಲಿನ ನಿಯಮ ನಿಮಗೆ ತೋಟದ ಚೆಕ್‌ರೋಲ್ ಪುಸ್ತಕ ನೋಡಿದ್ದರೆ ಬೇಗ ಗೊತ್ತಾಗುತ್ತದೆ: ಹಾಜರಿ ನೋಡುವುದಕ್ಕೆ ಎಷ್ಟು ಜನ ಬೇಕಾದರೂ ಇಣುಕಬಹುದು, ಆದರೆ ರೈಟರ್ ಪೆನ್ನು ಹಿಡಿದು ಬರೆಯಲು ಕೂತ ಮೇಲೆ ಪುಸ್ತಕ ಅವನೊಬ್ಬನದು. ಓದುವವರು ಹಲವರು, ಇಲ್ಲವೇ ಬರೆಯುವವನು ಒಬ್ಬ. ಎರಡೂ ಒಟ್ಟಿಗೆ ಇಲ್ಲ. ಇದನ್ನು ಕಂಪೈಲರ್ ಪ್ರೋಗ್ರಾಂ ಓಡುವ ಮೊದಲೇ ಪರೀಕ್ಷೆ ಮಾಡುತ್ತದೆ, ಆದ್ದರಿಂದ ಜಾವಾದಲ್ಲಿ ಇರುವಂಥ ಗಾರ್ಬೇಜ್ ಕಲೆಕ್ಟರ್ (ಪ್ರೋಗ್ರಾಂ ಓಡುವಾಗ ಬೇಡದ ಮೆಮೊರಿ ಗುಡಿಸುವ ಭಾಗ) ಬೇಕಾಗುವುದಿಲ್ಲ. ಆಪರೇಟಿಂಗ್ ಸಿಸ್ಟಂ, ಡ್ರೈವರ್ ಥರದ ಕೆಲಸಕ್ಕೆ ಅದು ದೊಡ್ಡ ಅನುಕೂಲ.

ಇದು ರಸ್ಟಿನವರಿಗೆ ಒಂದು ಬೆಳಿಗ್ಗೆ ಹೊಳೆದ ಉಪಾಯವೇನಲ್ಲ. 1987ರಲ್ಲಿ ಜಾನ್-ಈವ್ ಜಿರಾರ್ ಎಂಬ ಫ್ರೆಂಚ್ ತರ್ಕಶಾಸ್ತ್ರಜ್ಞ ಲೀನಿಯರ್ ಲಾಜಿಕ್ ಅಂತ ಒಂದು ತರ್ಕ ಕಟ್ಟಿದ. ಅದರಲ್ಲಿ ಒಂದು ಸಂಗತಿಯನ್ನು ಒಮ್ಮೆ ಬಳಸಿದರೆ ಖರ್ಚಾಯಿತು, ನಕಲು ಮಾಡುವ ಹಾಗಿಲ್ಲ, ಎಸೆಯುವ ಹಾಗೂ ಇಲ್ಲ. 1990ರಲ್ಲಿ ಫಿಲಿಪ್ ವಾಡ್ಲರ್ ಅದನ್ನೇ ಪ್ರೋಗ್ರಾಮಿಂಗ್ ಭಾಷೆಯ ಟೈಪಿಗೆ ಹೊಂದಿಸಿ ತೋರಿಸಿದರು. ಆಮೇಲೆ ಎಟಿ ಅಂಡ್ ಟಿ ಲ್ಯಾಬ್ಸ್ ಮತ್ತು ಕಾರ್ನೆಲ್ ಸೇರಿ ಸೈಕ್ಲೋನ್ ಅಂತ ಒಂದು ಭಾಷೆ ಮಾಡಿದವು, ನೋಡಲು ಸಿ ಥರವೇ, ಆದರೆ ಪಾಯಿಂಟರ್ ಯಾವ ಜಾಗಕ್ಕೆ ಸೇರಿದ್ದು ಅಂತ ಟೈಪಿನಲ್ಲೇ ಬರೆಯಬೇಕು. ಅದು ಜನಪ್ರಿಯವಾಗಲಿಲ್ಲ. ರಸ್ಟನ್ನು ಗ್ರೇಡನ್ ಹೋರ್ 2006ರಲ್ಲಿ ಸ್ವಂತ ಹವ್ಯಾಸವಾಗಿ ಶುರು ಮಾಡಿದ್ದು, ಆಮೇಲೆ ಮೊಜಿಲ್ಲಾ ಬೆನ್ನಿಗೆ ನಿಂತಿತು, 2015ರ ಮೇ ತಿಂಗಳಲ್ಲಿ 1.0 ಬಂತು. ಲಿನಕ್ಸ್ ಆಪರೇಟಿಂಗ್ ಸಿಸ್ಟಮ್ಮಿನ ತಿರುಳಾದ ಕರ್ನಲ್‌ಗೆ ಅದು ಕಾಲಿಟ್ಟದ್ದು 2022ರ ಡಿಸೆಂಬರಿನಲ್ಲಿ, 6.1ನೇ ಆವೃತ್ತಿಯಲ್ಲಿ.

ಬರೀ ಫ್ಯಾಶನ್ ಅಲ್ವಾ ಅಂತ ಅನುಮಾನ ಬಂದರೆ ಆಂಡ್ರಾಯ್ಡ್ ನೋಡಿ. 2019ರಲ್ಲಿ ಅದರ ಭದ್ರತಾ ದೋಷಗಳಲ್ಲಿ 76% ಮೆಮೊರಿಗೆ ಸಂಬಂಧಪಟ್ಟವು. 2024ರಲ್ಲಿ 24%. ಹಳೇ ಕೋಡನ್ನೆಲ್ಲ ಕಿತ್ತು ಬರೆದದ್ದರಿಂದ ಆದದ್ದಲ್ಲ ಇದು. ಹೊಸ ಕೋಡನ್ನು ಜಾಸ್ತಿ ಸುರಕ್ಷಿತ ಭಾಷೆಗಳಲ್ಲಿ ಬರೆಯುತ್ತಾ ಹೋದರು, ಹಳೇದರಲ್ಲಿನ ದೋಷ ಒಂದೊಂದಾಗಿ ಸಿಕ್ಕಿ ಸರಿಯಾಗುತ್ತಾ ಬಂತು, ಅಷ್ಟೇ.

ಹಾಗಂತ ಸಿ ಬಿಡಬೇಡಿ. ಪರೀಕ್ಷೆಗೆ ಅದೇ ಬರುತ್ತದೆ, ಅದು ಬೇರೆ ಮಾತು. ಫ್ರೀ ಮಾಡಿದ ಪಾಯಿಂಟರಿನಿಂದ ಒಮ್ಮೆ ಏಟು ತಿಂದವರಿಗೆ ರಸ್ಟ್ ಕಂಪೈಲರ್ ಯಾಕೆ ಅಷ್ಟು ಹಟ ಮಾಡುತ್ತದೆ ಅಂತ ಬೇಗ ಅರ್ಥವಾಗುತ್ತದೆ.

ಪ್ರಶ್ನೆ: ನಮ್ಮದು ಮೂಡಿಗೆರೆ ಹತ್ತಿರ ಕಾಫಿ ತೋಟ. ಕೆಳಗೆ ಕೆರೆ ಪಕ್ಕ ಪಂಪು, ಮೇಲೆ ಗುಡ್ಡದಲ್ಲಿ ಟ್ಯಾಂಕು. ಮಗಳು ಎಲೆಕ್ಟ್ರಾನಿಕ್ಸ್ ಓದಿದವಳು, ಎರಡು ಕಡೆ ಚಿಕ್ಕ ಬೋರ್ಡ್ ಇಟ್ಟು ರೇಡಿಯೋದಲ್ಲಿ ಒಂದಕ್ಕೊಂದು ಮಾತಾಡುವ ಹಾಗೆ ಮಾಡಿದ್ದಾಳೆ. ಮೊದಲು ಚೆನ್ನಾಗಿತ್ತು. ಏನೋ ಹೊಸದು ಸೇರಿಸಿದ ಮೇಲೆ ಪಂಪ್ ಓಡುತ್ತಲೇ ಇರುತ್ತದೆ, ಮೇಲಿನದೂ ಸುದ್ದಿಯಿಲ್ಲ, ಕೆಳಗಿನದೂ ಸುದ್ದಿಯಿಲ್ಲ. ಎರಡೂ ಪ್ರೋಗ್ರಾಂ ಬಿಡಿಬಿಡಿಯಾಗಿ ನೋಡಿದರೆ ಸರಿಯಾಗೇ ಇವೆ ಅನ್ನುತ್ತಾಳೆ. ಇಂಥ ತಪ್ಪನ್ನು ಹಿಡಿಯುವ ಭಾಷೆ ಇದೆಯೇ? ಫೆಬ್ರವರಿ-ಮಾರ್ಚಲ್ಲಿ ಹೂವಿಗೆ ಸ್ಪ್ರಿಂಕ್ಲರ್ ಹಾಕುವ ಹೊತ್ತಿಗೆ ಇದು ಸರಿಯಾಗಬೇಕು.

ಉತ್ತರ: ನಿಮ್ಮ ಮಗಳು ಹೇಳಿದ್ದು ಸರಿ, ಬಿಡಿಬಿಡಿಯಾಗಿ ಎರಡೂ ಸರಿಯೇ ಇರುತ್ತವೆ. ತಪ್ಪು ಇರುವುದು ಎರಡರ ನಡುವೆ.

ಅವರು ಜೊತೆಗೆ ಕಳಿಸಿದ ಟಿಪ್ಪಣಿ ಓದಿದೆ. ಮೊದಲು ಹೀಗಿತ್ತು: ಟ್ಯಾಂಕ್ ಬೋರ್ಡು "ಶುರು ಮಾಡು" ಅನ್ನುತ್ತದೆ, ಪಂಪ್ ಬೋರ್ಡು ಮೋಟಾರ್ ಹಾಕಿ "ಓಡುತ್ತಿದೆ" ಅನ್ನುತ್ತದೆ, ಆಮೇಲೆ ಟ್ಯಾಂಕಿನದು ಆಗಾಗ ನೀರಿನ ಮಟ್ಟ ಹೇಳುತ್ತಾ ಹೋಗುತ್ತದೆ, ಕೊನೆಗೆ "ಸಾಕು". ಈಗ ಪಂಪ್ ಕಡೆ ಬದಲಾಯಿಸಿದ್ದಾರೆ. ಮೋಟಾರ್ ಹಾಕಿದ ಮೇಲೆ ನೀರು ನಿಜವಾಗಿ ಮೇಲೆ ಹತ್ತುತ್ತಿದೆಯಾ ಅಂತ ಒಂದು ಮಟ್ಟದ ಲೆಕ್ಕ ಬಂದ ಮೇಲಷ್ಟೇ "ಓಡುತ್ತಿದೆ" ಅನ್ನಬೇಕು ಅಂತ. ಯೋಚನೆ ಒಳ್ಳೆಯದೇ, ಡ್ರೈ ರನ್ ಆಗಿ ಮೋಟಾರ್ ಸುಡುವುದು ತಪ್ಪುತ್ತದೆ. ಆದರೆ ಟ್ಯಾಂಕ್ ಕಡೆಯ ಕೋಡು ಹಳೇದೇ. ಅದು "ಓಡುತ್ತಿದೆ" ಬರಲಿ ಅಂತ ಕಾಯುತ್ತಿದೆ, ಇದು ಮಟ್ಟ ಬರಲಿ ಅಂತ ಕಾಯುತ್ತಿದೆ. ನೀನು ಮೊದಲು ಮಾತಾಡು, ನೀನು ಮೊದಲು ಮಾತಾಡು. ಇದಕ್ಕೇ ಡೆಡ್‌ಲಾಕ್ ಅನ್ನುವುದು.

ಸಾಮಾನ್ಯ ಭಾಷೆಗಳ ಟೈಪು ಇಲ್ಲಿ ಕೈಕೊಡುತ್ತದೆ. ಹೋಗಿ ಬರುವ ಪ್ರತಿ ಮೆಸೇಜಿನ ಟೈಪೂ ಸರಿಯಿದೆ, ಮಟ್ಟ ಅಂದರೆ ಒಂದು ಸಂಖ್ಯೆ, ಅದು ಸಂಖ್ಯೆಯಾಗೇ ಹೋಗುತ್ತದೆ. ತಪ್ಪಿರುವುದು ಸರದಿಯಲ್ಲಿ. ಸರದಿಯನ್ನೇ ಟೈಪ್ ಮಾಡಬಹುದು ಅಂತ 1993ರಲ್ಲಿ ಕೊಹೇ ಹೋಂಡಾ ಎಂಬ ಜಪಾನಿ ವಿಜ್ಞಾನಿ ತೋರಿಸಿದರು. ಸೆಷನ್ ಟೈಪ್ ಅಂತ ಹೆಸರು. ಅದರಲ್ಲಿ ಚಾನೆಲಿನ (ಮೆಸೇಜು ಹೋಗಿ ಬರುವ ದಾರಿಯ) ಟೈಪು "ಇದರಲ್ಲಿ ಸಂಖ್ಯೆ ಹೋಗುತ್ತದೆ" ಅಂತ ಹೇಳಿ ನಿಲ್ಲುವುದಿಲ್ಲ. "ಮೊದಲು ಶುರು ಮಾಡು ಕಳಿಸು, ಆಮೇಲೆ ಓಡುತ್ತಿದೆ ಅಂತ ಬರುವುದನ್ನು ತಗೋ, ಆಮೇಲೆ ಮಟ್ಟ ಕಳಿಸು ಇಲ್ಲವೇ ಸಾಕು ಕಳಿಸು, ಸಾಕು ಅಂದರೆ ಮುಗಿಯಿತು" ಅಂತ ಇಡೀ ಮಾತುಕತೆಯೇ ಅದರಲ್ಲಿರುತ್ತದೆ. ಎದುರು ಬದಿಯ ಟೈಪು ಇದರ ತದ್ವಿರುದ್ಧ ಆಗಿರಬೇಕು: ಇಲ್ಲಿ ಕಳಿಸು ಇದ್ದ ಕಡೆ ಅಲ್ಲಿ ತಗೋ, ಇಲ್ಲಿ ಆಯ್ಕೆ ಇದ್ದ ಕಡೆ ಅಲ್ಲಿ ಎರಡಕ್ಕೂ ತಯಾರಿ. ನಿಮ್ಮ ಮನೆಯ ಎರಡು ಬೋರ್ಡಿನ ಟೈಪನ್ನು ಪಕ್ಕಪಕ್ಕ ಇಟ್ಟರೆ ಎರಡನೇ ಹೆಜ್ಜೆಯಲ್ಲೇ ಎರಡು ಕಡೆಯೂ "ತಗೋ" ಅಂತಿದೆ. ಕಂಪೈಲರ್ ಅಲ್ಲೇ ಬೇಡ ಅನ್ನುತ್ತಿತ್ತು, ಯಾರೂ ಕೆರೆ ತನಕ ಇಳಿಯಬೇಕಾಗುತ್ತಿರಲಿಲ್ಲ.

ಮೇಲಿನ ವಿದ್ಯಾರ್ಥಿಯ ಪ್ರಶ್ನೆಗೂ ಇದಕ್ಕೂ ನಂಟು ಇರುವುದು ಇಲ್ಲೇ. ಒಂದು ಮೆಸೇಜ್ ಕಳಿಸಿದ ಮೇಲೆ ಚಾನೆಲಿನ ಟೈಪ್ ಬದಲಾಗಿಬಿಡುತ್ತದೆ, ಒಂದು ಹೆಜ್ಜೆ ಖರ್ಚಾಗಿದೆ ನೋಡಿ. ಹಳೇ ಹೆಜ್ಜೆಯ ಚಾನೆಲನ್ನು ಇನ್ಯಾರೋ ಇಟ್ಟುಕೊಂಡು ಮತ್ತೆ ಬಳಸಿದರೆ ಲೆಕ್ಕ ತಪ್ಪುತ್ತದೆ. ಅಂದರೆ ಇಲ್ಲೂ ಒಬ್ಬನೇ ಒಡೆಯ ಬೇಕು, ಒಮ್ಮೆ ಬಳಸಿದ್ದು ಮತ್ತೆ ಸಿಗಬಾರದು. ಅದೇ ಜಿರಾರನ ತರ್ಕ. ಈ ನಂಟು ಸುಮ್ನೆ ಹೋಲಿಕೆಯಲ್ಲ, ಲೂಯಿಸ್ ಕೈರೆಸ್ ಮತ್ತು ಫ್ರಾಂಕ್ ಫೆನ್ನಿಂಗ್ 2010ರಲ್ಲಿ ಸೆಷನ್ ಟೈಪುಗಳನ್ನು ಲೀನಿಯರ್ ಲಾಜಿಕ್‌ನ ಸೂತ್ರಗಳಾಗೇ ಓದಬಹುದು ಅಂತ ತೋರಿಸಿದ್ದಾರೆ. ನನಗೆ ಈ ಇಡೀ ವಿಷಯದಲ್ಲಿ ತುಂಬಾ ಇಷ್ಟವಾದ ಜಾಗ ಇದು. ಮೆಮೊರಿ ಯಾರದು ಅನ್ನುವ ಪ್ರಶ್ನೆಗೂ ಮಾತಾಡುವ ಸರದಿ ಯಾರದು ಅನ್ನುವ ಪ್ರಶ್ನೆಗೂ ಬೇರು ಒಂದೇ.

ಈಗ ಕೆಲಸದ ಮಾತು. ಸೆಷನ್ ಟೈಪನ್ನು ಭಾಷೆಯಲ್ಲೇ ಕೂರಿಸಿ ದಿನನಿತ್ಯದ ಕೆಲಸಕ್ಕೆ ಬಳಸುವ ಭಾಷೆ ಇವತ್ತು ಅಂಗಡಿಯಲ್ಲಿ ಸಿಗುವ ಹಾಗೆ ಇಲ್ಲ, ಹೆಚ್ಚಿನವು ಸಂಶೋಧನೆಯ ಕೂಸುಗಳು. ಆದರೆ ಮಗಳು ರಸ್ಟ್ ಬಳಸಿದರೆ ಅರ್ಧಕ್ಕಿಂತ ಜಾಸ್ತಿ ಲಾಭ ಸಿಗುತ್ತದೆ. ಪ್ರತಿ ಹಂತಕ್ಕೂ ಒಂದೊಂದು ಟೈಪ್ ಮಾಡಲಿ: ಕಾಯುತ್ತಿರುವ ಪಂಪು, ಪರೀಕ್ಷೆಯಲ್ಲಿರುವ ಪಂಪು, ಓಡುತ್ತಿರುವ ಪಂಪು. "ಶುರು ಮಾಡು" ಅನ್ನುವ ಫಂಕ್ಷನ್ ಕಾಯುತ್ತಿರುವ ಪಂಪನ್ನು ಒಡೆತನ ಸಮೇತ ನುಂಗಿ ಪರೀಕ್ಷೆಯಲ್ಲಿರುವ ಪಂಪನ್ನು ಕೊಡಲಿ. ಹಳೇದು ಹೋಯಿತು, ಮತ್ತೆ ಮುಟ್ಟಲು ಆಗುವುದಿಲ್ಲ. ತಪ್ಪು ಹಂತದಲ್ಲಿ ತಪ್ಪು ಮಾತು ಆಡುವ ಕೋಡು ಕಂಪೈಲೇ ಆಗುವುದಿಲ್ಲ. ಚಿಕ್ಕ ಬೋರ್ಡುಗಳ ರಸ್ಟ್ ಲೈಬ್ರರಿಗಳಲ್ಲಿ ಈ ಉಪಾಯ ಮಾಮೂಲು, ಒಂದು ಪಿನ್ನನ್ನು ಇನ್‌ಪುಟ್ ಅಂತ ಇಟ್ಟರೆ ಅದರ ಮೇಲೆ ಔಟ್‌ಪುಟ್ ಬರೆಯಲು ಟೈಪೇ ಬಿಡದಂತೆ ಮಾಡಿರುತ್ತಾರೆ.

ಮೂರು ವಿಷಯ ಮಾತ್ರ ಮರೆಯಬಾರದು. ಮೊದಲನೇದು, ಎರಡು ಬೋರ್ಡಿನ ಕೋಡೂ ಒಂದೇ ಜಾಗದಲ್ಲಿ ಬರೆದ ಒಂದೇ ಒಪ್ಪಂದದಿಂದ ಹುಟ್ಟಬೇಕು, ಒಂದನ್ನು ಬದಲಾಯಿಸಿ ಇನ್ನೊಂದನ್ನು ಹಾಗೇ ಬಿಟ್ಟರೆ ಯಾವ ಕಂಪೈಲರೂ ಗುಡ್ಡ ಹತ್ತಿ ಹೋಗಿ ನೋಡಿ ಬರುವುದಿಲ್ಲ. ಮೆಸೇಜಿನ ಮೊದಲಲ್ಲೇ ಒಪ್ಪಂದದ ಆವೃತ್ತಿ ಸಂಖ್ಯೆ ಹಾಕಿ, ಹೊಂದದಿದ್ದರೆ ಪಂಪ್ ಹಾಕಲೇಬಾರದು. ಎರಡನೇದು, ಹೋಂಡಾ ಅವರ ಮೂಲ ಲೆಕ್ಕದಲ್ಲಿ ಕಳಿಸಿದ ಮೆಸೇಜ್ ತಲುಪಿಯೇ ತಲುಪುತ್ತದೆ. ನಿಮ್ಮಲ್ಲಿ ಸಿಲ್ವರ್ ಓಕ್ ಮರಗಳ ನಡುವೆ, ಜೂನ್-ಜುಲೈ ಮಳೆಯಲ್ಲಿ, ಆ ನಂಬಿಕೆ ಇಟ್ಟುಕೊಳ್ಳುವ ಹಾಗಿಲ್ಲ. ಹಾಗಾಗಿ "ಇಷ್ಟು ಹೊತ್ತಿನೊಳಗೆ ಉತ್ತರ ಬರಲಿಲ್ಲ" ಅನ್ನುವುದನ್ನೂ ಮಾತುಕತೆಯ ಒಂದು ಕವಲಾಗೇ ಬರೆಯಬೇಕು, ಆ ಕವಲಿನಲ್ಲಿ ಪಂಪ್ ನಿಲ್ಲಬೇಕು. ಮೂರನೇದು ಸ್ವಲ್ಪ ಸೂಕ್ಷ್ಮ. ಲೀನಿಯರ್ ಅಂದರೆ ಸರಿಯಾಗಿ ಒಮ್ಮೆ ಬಳಸಲೇಬೇಕು, ರಸ್ಟ್ ಹೇಳುವುದು ಹೆಚ್ಚೆಂದರೆ ಒಮ್ಮೆ. ಮಾತುಕತೆಯನ್ನು ನಡುವೆ ಕೈಬಿಟ್ಟರೆ ರಸ್ಟ್ ತಡೆಯುವುದಿಲ್ಲ. ಆದರೆ ಕೈಬಿಟ್ಟಾಗ ಏನಾಗಬೇಕು ಅಂತ ಡ್ರಾಪ್ ಎಂಬ ಕಡೆ ಬರೆಯಬಹುದು, ಅಲ್ಲಿ "ಮೋಟಾರ್ ಆಫ್" ಅಂತ ಬರೆದಿಟ್ಟರೆ ಒಳ್ಳೆಯದೇ.

ಮುಂದೆ ನಿಮ್ಮ ಮೊಬೈಲೂ ಈ ಮಾತಿಗೆ ಸೇರಿಕೊಂಡರೆ ಇಬ್ಬರ ಲೆಕ್ಕ ಸಾಲದು. ಅದಕ್ಕೆ ಹೋಂಡಾ, ನೊಬುಕೊ ಯೋಶಿದಾ, ಮಾರ್ಕೊ ಕಾರ್ಬೋನೆ 2008ರಲ್ಲಿ ದಾರಿ ಹಾಕಿಕೊಟ್ಟರು: ಎಲ್ಲರ ಮಾತುಕತೆಯನ್ನು ಮೇಲಿನಿಂದ ನೋಡಿದ ಹಾಗೆ ಒಂದೇ ಕಡೆ ಬರೆಯುವುದು, ಆಮೇಲೆ ಒಬ್ಬೊಬ್ಬರ ಪಾಲು ಏನು ಅಂತ ಅದರಿಂದಲೇ ತೆಗೆಯುವುದು. ಸದ್ಯಕ್ಕೆ ಒಂದು ಹಾಳೆಯ ಮೇಲೆ ಪೆನ್ನಿನಲ್ಲಿ ಹೀಗೆ ಬರೆದು ನೋಡಿದರೂ ಬಹಳ ತಪ್ಪು ಕಣ್ಣಿಗೆ ಬೀಳುತ್ತವೆ.

ಪ್ರಶ್ನೆ: ಗೋ ಭಾಷೆಯಲ್ಲಿ ಚಾನೆಲ್ ಇದೆ, ಕಲಿಯಲೂ ಸುಲಭ. ಅದೇ ಸಾಲದೇ? (ಬೇಲೂರು)

ಉತ್ತರ: ಸರ್ವರ್ ಕೆಲಸಕ್ಕೆ ಬಹಳ ಸಲ ಸಾಕು. ಗೋ 2009ರಲ್ಲಿ ಬಂದದ್ದು, ಅದರ ಚಾನೆಲಿನ ಹಿಂದಿರುವುದು ಟೋನಿ ಹೋರ್ 1978ರಲ್ಲಿ ಬರೆದ ಸಿಎಸ್‌ಪಿ ವಿಚಾರ, ಅಂದರೆ ಬೇರೆ ಬೇರೆ ಕೆಲಸಗಳು ಮೆಸೇಜ್ ಕಳಿಸಿಕೊಂಡೇ ಜೊತೆಗೆ ನಡೆಯುವುದು. ಆದರೆ ಗೋ ಚಾನೆಲಿನ ಟೈಪು ಯಾವ ಥರದ ಮೌಲ್ಯ ಹೋಗುತ್ತದೆ, ಯಾವ ದಿಕ್ಕಿಗೆ ಹೋಗುತ್ತದೆ ಅಂತ ಹೇಳುತ್ತದೆ, ಯಾವಾಗ ಅಂತ ಹೇಳುವುದಿಲ್ಲ. ಇನ್ನೊಂದು ತೊಂದರೆ ಇದೆ. ಒಂದು ಪಾಯಿಂಟರನ್ನು ಚಾನೆಲಿನಲ್ಲಿ ಕಳಿಸಿ, ಕಳಿಸಿದವನೇ ಅದರ ಮೇಲೆ ಬರೆಯುತ್ತಾ ಕೂತರೆ ಗೋ ಕಂಪೈಲರ್ ಕೇಳುವುದಿಲ್ಲ. ಪತ್ತೆಗೆ ರೇಸ್ ಡಿಟೆಕ್ಟರ್ ಇದೆ, ಅದು ಪ್ರೋಗ್ರಾಂ ಓಡುವಾಗ ಸಿಕ್ಕಿದ್ದನ್ನಷ್ಟೇ ಹಿಡಿಯುತ್ತದೆ. ರಸ್ಟಿನಲ್ಲಿ ಕಳಿಸಿದರೆ ಒಡೆತನ ಹೋಯಿತು, ಕತೆ ಮುಗಿಯಿತು. ಒಂದು ಥ್ರೆಡ್ಡಿನಿಂದ (ಪ್ರೋಗ್ರಾಮಿನಲ್ಲಿ ಜೊತೆಜೊತೆಗೆ ಓಡುವ ಎಳೆಗಳಲ್ಲಿ ಒಂದರಿಂದ) ಇನ್ನೊಂದಕ್ಕೆ ಕೊಡಬಾರದ ವಸ್ತುವಿದ್ದರೆ ಅದನ್ನೂ ಸೆಂಡ್ ಅನ್ನುವ ಗುರುತಿನಿಂದ ಮೊದಲೇ ತಡೆಯುತ್ತದೆ. ಡೆಡ್‌ಲಾಕ್ ಮಾತ್ರ ಎರಡರಲ್ಲೂ ಆಗುತ್ತದೆ, ರಸ್ಟ್ ಅಭಿಮಾನಿಗಳು ಈ ಮಾತನ್ನು ಮೆಲ್ಲಗೆ ಹೇಳುತ್ತಾರೆ.

ಪ್ರಶ್ನೆ: ನಾನು ನಿವೃತ್ತ ಮೇಷ್ಟ್ರು, ಇರುವುದು ಹಾಸನ. ನಮ್ಮೂರಿನಲ್ಲಿ ಇಸ್ರೋದ ಮಾಸ್ಟರ್ ಕಂಟ್ರೋಲ್ ಫೆಸಿಲಿಟಿ (ಉಪಗ್ರಹಗಳನ್ನು ನಿಯಂತ್ರಿಸುವ ಕೇಂದ್ರ) ಇದೆ, ಆದ್ದರಿಂದ ಕುತೂಹಲ. ಟೈಪ್ ಇಷ್ಟು ಕಾಪಾಡುವುದಾದರೆ ಯೂರೋಪಿನ ಏರಿಯನ್ ರಾಕೆಟ್ ಯಾಕೆ ಸಿಡಿಯಿತು? ಅದು ತುಂಬಾ ಕಟ್ಟುನಿಟ್ಟಿನ ಏಡಾ ಭಾಷೆಯಲ್ಲಿತ್ತಂತಲ್ಲ?

ಉತ್ತರ: ಹೌದು ಮೇಷ್ಟ್ರೇ, ಏಡಾದಲ್ಲೇ ಇತ್ತು. 1996ರ ಜೂನ್ 4ರಂದು ಏರಿಯನ್ 5 ಮೊದಲ ಸಲ ಹಾರಿತು, ಒಂದು ನಿಮಿಷವೂ ಆಗಲಿಲ್ಲ, ಸಿಡಿಯಿತು. 64 ಬಿಟ್ಟಿನ ದಶಾಂಶ ಸಂಖ್ಯೆಯೊಂದನ್ನು 16 ಬಿಟ್ಟಿನ ಪೂರ್ಣಾಂಕಕ್ಕೆ ತುರುಕಲು ಹೋದಾಗ ಅದು ಹಿಡಿಸಲಿಲ್ಲ. ಏಡಾ ತಪ್ಪನ್ನು ಹಿಡಿಯಿತು, ಆದರೆ ಹಿಡಿದ ಮೇಲೆ ಏನು ಮಾಡಬೇಕು ಅಂತ ಆ ಜಾಗದಲ್ಲಿ ಯಾರೂ ಬರೆದಿರಲಿಲ್ಲ. ಆ ಕೋಡು ಏರಿಯನ್ 4ರಿಂದ ಬಂದದ್ದು, ಆ ರಾಕೆಟ್ಟಿನಲ್ಲಿ ಸಂಖ್ಯೆ ಅಷ್ಟು ದೊಡ್ಡದಾಗುವ ಸಂಭವವೇ ಇರಲಿಲ್ಲ.

ಎಲ್ಲರೂ ಹೇಳುವುದು ಇಷ್ಟನ್ನು. ನನಗೆ ಅದಕ್ಕಿಂತ ಆಮೇಲೆ ಆದದ್ದು ಮುಖ್ಯ ಅನಿಸುತ್ತದೆ. ದಿಕ್ಕು ಅಳೆಯುವ ಘಟಕ ಕೆಟ್ಟು ನಿಲ್ಲುವಾಗ "ನನಗೆ ಹೀಗಾಗಿದೆ" ಅನ್ನುವ ರಿಪೋರ್ಟಿನ ಬಿಟ್ಟುಗಳನ್ನು ಮುಖ್ಯ ಕಂಪ್ಯೂಟರಿಗೆ ಕಳಿಸಿತು. ಮುಖ್ಯ ಕಂಪ್ಯೂಟರ್ ಅದನ್ನು ಹಾರಾಟದ ಅಳತೆ ಅಂತಲೇ ತಿಳಿದು ರಾಕೆಟ್ಟಿನ ನಳಿಕೆಗಳನ್ನು ತಿರುಗಿಸಿತು. ಕಳಿಸುವವನ ಬಳಿ ಎರಡು ಥರದ ಮಾತಿತ್ತು, ಕೇಳುವವನಿಗೆ ಒಂದೇ ಗೊತ್ತಿತ್ತು. ಮೂಡಿಗೆರೆಯವರಿಗೆ ಹೇಳಿದೆನಲ್ಲ, ಅಲ್ಲಿ ಆಯ್ಕೆ ಇದ್ದರೆ ಇಲ್ಲಿ ಎರಡಕ್ಕೂ ತಯಾರಿ ಇರಬೇಕು ಅಂತ, ಇದು ಅದೇ. 1999ರಲ್ಲಿ ಮಂಗಳದ ಹತ್ತಿರ ಕಳೆದುಹೋದ ನಾಸಾದ ಮಾರ್ಸ್ ಕ್ಲೈಮೇಟ್ ಆರ್ಬಿಟರ್ ನೌಕೆಯ ಕತೆಯೂ ಇದೇ ಜಾತಿಯದು. ಒಂದು ಸಾಫ್ಟ್‌ವೇರ್ ಪೌಂಡ್-ಸೆಕೆಂಡಿನಲ್ಲಿ ಬರೆದದ್ದನ್ನು ಇನ್ನೊಂದು ನ್ಯೂಟನ್-ಸೆಕೆಂಡ್ ಅಂತ ಓದಿತು. ಎಫ್ ಶಾರ್ಪ್ ಭಾಷೆಯಲ್ಲಿ ಅಳತೆಯ ಮಾನವನ್ನೇ ಟೈಪಿನಲ್ಲಿ ಬರೆಯಬಹುದು, ಆದರೆ ಇಲ್ಲಿ ಎರಡರ ನಡುವೆ ಇದ್ದದ್ದು ಬರೀ ಸಂಖ್ಯೆ ತುಂಬಿದ ಫೈಲು. ಫೈಲಿಗೆ ಇಳಿದ ಕೂಡಲೇ ಟೈಪ್ ಕಳಚಿಹೋಗುತ್ತದೆ. ಮಾನವನ್ನು ಫೈಲಿನಲ್ಲೇ ಬರೆದು, ಓದುವ ಕಡೆ ಮತ್ತೆ ಪರೀಕ್ಷೆ ಮಾಡಬೇಕು.

ಪ್ರಶ್ನೆ: ಚಿಕ್ಕಮಗಳೂರಿನಲ್ಲಿ ಮನೆಯಿಂದಲೇ ಕೆಲಸ ಮಾಡುತ್ತೇನೆ. ರಸ್ಟ್ ಕಲಿಯುತ್ತಿದ್ದೇನೆ. ಕಂಪೈಲರ್ ಬೈದ ಕಡೆಯೆಲ್ಲ ಕ್ಲೋನ್ ಹಾಕಿ ಬಾಯಿ ಮುಚ್ಚಿಸುತ್ತಿದ್ದೇನೆ. ತಪ್ಪೇ? ಅನ್‌ಸೇಫ್ ಅಂತ ಒಂದಿದೆಯಲ್ಲ, ಅದನ್ನು ಹಾಕಿದರೆ ಎಲ್ಲ ವ್ಯರ್ಥ ಅಲ್ಲವೇ?

ಉತ್ತರ: ಕಲಿಯುವಾಗ ಕ್ಲೋನ್ ಹಾಕಿ, ಯಾರೂ ಏನೂ ಅನ್ನುವುದಿಲ್ಲ. ನಕಲಿಗೆ ಸ್ವಲ್ಪ ಮೆಮೊರಿ, ಸ್ವಲ್ಪ ಸಮಯ ಹೋಗುತ್ತದೆ. ಆಮೇಲೆ ಬೇಕಾದ ಕಡೆ ತೆಗೆಯಬಹುದು. ಡಬ್ಲಿ ಲಿಂಕ್ಡ್ ಲಿಸ್ಟ್ (ಹಿಂದಕ್ಕೂ ಮುಂದಕ್ಕೂ ಕೊಂಡಿ ಇರುವ ಪಟ್ಟಿ) ಮಾತ್ರ ಮೊದಲ ಅಭ್ಯಾಸಕ್ಕೆ ತಗೋಬೇಡಿ. ಅಲ್ಲಿ ಪ್ರತಿ ಗಂಟಿಗೂ ಇಬ್ಬರು ಕೈ ತೋರಿಸುತ್ತಿರುತ್ತಾರೆ, ಒಬ್ಬನೇ ಒಡೆಯ ಅನ್ನುವ ನಿಯಮಕ್ಕೆ ಅದು ಹುಟ್ಟಾ ವೈರಿ.

ಅನ್‌ಸೇಫ್ ಅಂದರೆ "ಕಂಪೈಲರ್ ಪೂರ್ತಿ ಪರೀಕ್ಷೆ ಮಾಡಲಾಗದ ಈ ತುಂಡಿಗೆ ನಾನು ಜವಾಬ್ದಾರಿ" ಅಂತ ಸಹಿ ಹಾಕಿದ ಹಾಗೆ. ರಸ್ಟಿನ ಸ್ವಂತ ಲೈಬ್ರರಿಯೂ ಒಳಗೆ ಅದನ್ನು ಬಳಸುತ್ತದೆ, ಬಳಸದೆ ಗತಿಯಿಲ್ಲ. ಲಾಭ ಏನೆಂದರೆ ತಪ್ಪಾದಾಗ ಹುಡುಕಬೇಕಾದ ಜಾಗ ಚಿಕ್ಕದಾಗುತ್ತದೆ. ಒಳಗೆ ಅನ್‌ಸೇಫ್ ಇದ್ದರೂ ಹೊರಗಿನಿಂದ ಬಳಸುವವರಿಗೆ ಅಪಾಯವಿಲ್ಲ ಅಂತ ಗಣಿತದಲ್ಲಿ ಸಾಧಿಸುವ ಕೆಲಸವನ್ನು ರಾಲ್ಫ್ ಯುಂಗ್ ಮತ್ತು ಜೊತೆಯವರು ರಸ್ಟ್‌ಬೆಲ್ಟ್ ಎಂಬ ಹೆಸರಿನಲ್ಲಿ 2018ರಲ್ಲಿ ಪ್ರಕಟಿಸಿದರು. ರಸ್ಟಿನ ಒಂದು ಮುಖ್ಯ ಭಾಗಕ್ಕೆ ಮತ್ತು ಮೂಲ ಲೈಬ್ರರಿಯ ಕೆಲವು ತುಂಡುಗಳಿಗೆ ಮಾಡಿದ್ದು ಅದು, ಇಡೀ ಭಾಷೆಗಲ್ಲ.

ಪ್ರಶ್ನೆ: ರಸ್ಟ್ ಕಲಿತರೆ ಬೆಂಗಳೂರಿನಲ್ಲಿ ಕೆಲಸ ಸಿಗುತ್ತದೆಯೇ? (ಅರಸೀಕೆರೆ)

ಉತ್ತರ: ಅದೊಂದನ್ನೇ ನಂಬಿಕೊಂಡು ರೈಲು ಹತ್ತಬೇಡಿ. ಸಿ ಪ್ಲಸ್ ಪ್ಲಸ್ ಅಥವಾ ಜಾವಾ ಜೊತೆಗಿರಲಿ, ಆಪರೇಟಿಂಗ್ ಸಿಸ್ಟಂ ಪಾಠ ಸರಿಯಾಗಿ ಓದಿರಿ. ರಸ್ಟಿನಲ್ಲಿ ಒಂದು ಚಿಕ್ಕ ಕೆಲಸ ಪೂರ್ತಿ ಮಾಡಿ, ಕೋಡನ್ನು ಎಲ್ಲರೂ ನೋಡುವ ಹಾಗೆ ಇಡಿ. ಸಂದರ್ಶನದಲ್ಲಿ "ಇಲ್ಲಿ ಈ ಪಾಯಿಂಟರ್ ಯಾರದು?" ಅಂತ ಕೇಳಿದಾಗ, ಭಾಷೆ ಯಾವುದೇ ಇರಲಿ, ತಡವರಿಸದೆ ಹೇಳಬಲ್ಲವರು ಕಡಿಮೆ.